ಹಳೆಯ ಪಿಕಪ್‌ನ ಕ್ಯಾಬಿನ್‌ಗೆ ಮಳೆನೀರು ಎಲ್ಲಿಂದ ಬರುತ್ತದೆ?

ಪ್ರಶ್ನೆ: ನನ್ನದು 2011ರ ಸಿಂಗಲ್ ಕ್ಯಾಬಿನ್ ಡೀಸೆಲ್ ಪಿಕಪ್. ಬಾಳೆಗೊನೆ, ಅಡಿಕೆ, ಗೊಬ್ಬರ ಸಾಗಿಸಲು ಇಟ್ಟುಕೊಂಡಿದ್ದೇನೆ. ಎರಡು ಮಳೆಗಾಲದಿಂದ ಕ್ಲೀನರ್ ಸೀಟಿನ ಕಾಲಬುಡದಲ್ಲಿ ನೀರು ನಿಲ್ಲುತ್ತಿದೆ. ಮನೆ ಮುಂದೆ ಹಲಸಿನ ಮರದಡಿ, ಇಳಿಜಾರಿನಲ್ಲಿ ಮೂತಿ ಕೆಳಗಾಗಿ ನಿಲ್ಲಿಸುತ್ತೇನೆ. ಮುಂದಿನ ಗ್ಲಾಸಿನ ಸುತ್ತ ಎರಡು ಸಲ ಸಿಲಿಕಾನ್ ಹಾಕಿಸಿದರೂ ಪ್ರಯೋಜನವಾಗಲಿಲ್ಲ. ಈಗ ಮುಗ್ಗಲು ವಾಸನೆ, ಮೇಲಿಂದ ಮೇಲೆ ಫ್ಯೂಸ್ ಹೋಗುವುದು, ಒಮ್ಮೊಮ್ಮೆ ವೈಪರ್ ತಾನಾಗಿಯೇ ಓಡುವುದು ಶುರುವಾಗಿದೆ. ಗಾಡಿಗೆ ಎಸಿ ಇದೆ. ಗ್ಲಾಸಿನ ರಬ್ಬರ್ ಬದಲಿಸಲೇ, ಅಥವಾ ಗಾಡಿಯನ್ನೇ ಮಾರಿಬಿಡಲೇ?
– ಸಿದ್ದಾಪುರ ತಾಲ್ಲೂಕಿನ ಒಬ್ಬ ಕೃಷಿಕರು

ಉತ್ತರ: ಸದ್ಯಕ್ಕೆ ಎರಡೂ ಬೇಡ. ಮೂರನೇ ಸಲ ಸಿಲಿಕಾನ್ ಅಂತೂ ಖಂಡಿತ ಬೇಡ. ನೀರು ಎಲ್ಲಿಂದ ಬರುತ್ತಿದೆ ಎಂದು ಯಾರೂ ಹುಡುಕದೆ, ಕಣ್ಣಿಗೆ ಬಿದ್ದ ಸಂದಿಗೆ ಅಂಟು ಮೆತ್ತಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಿದೆ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಯಾವ ಗಾಡಿಯ ಬಾಡಿಯನ್ನೂ ಒಂದು ಹನಿ ನೀರೂ ಒಳಗೆ ಹೋಗದ ಹಾಗೆ ಕಟ್ಟಿರುವುದಿಲ್ಲ. ವೈಪರ್ ಕೆಳಗಿನ ಜಾಲರಿಯೊಳಗೆ ನೀರು ಬೀಳುತ್ತದೆ, ಬಾಗಿಲಿನ ಹೊಟ್ಟೆಯೊಳಗೆ ಇಳಿಯುತ್ತದೆ, ಟಾಪಿನ ಅಂಚಿನ ಕಾಲುವೆಯಲ್ಲಿ ಹರಿಯುತ್ತದೆ. ಇದೆಲ್ಲ ಲೆಕ್ಕಾಚಾರದೊಳಗಿನ ನೀರೇ. ಅದಕ್ಕೆ ಹೊರಗೆ ಹೋಗಲು ತೂತು, ಪೈಪು, ಸಂದಿ ಬಿಟ್ಟಿರುತ್ತಾರೆ. ಗಾಡಿ ಹಳೆಯದಾದಾಗ ರಬ್ಬರ್ ಸವೆಯುವುದು ಅರ್ಧ ಕಥೆ. ಈ ಹೊರದಾರಿಗಳು ಎಲೆ, ಮಣ್ಣು, ಕೆಲವೊಮ್ಮೆ ನಾವೇ ಮೆತ್ತಿದ ಸಿಲಿಕಾನ್‌ನಿಂದ ಮುಚ್ಚಿಹೋಗುವುದು ಉಳಿದರ್ಧ. ಆದ್ದರಿಂದ ನೀರನ್ನು ಎಲ್ಲಿ ತಡೆಯಬೇಕು ಎನ್ನುವುದಕ್ಕಿಂತ ಮೊದಲು, ಎಲ್ಲಿಂದ ಹೊರಗೆ ಹೋಗಬೇಕಿದ್ದ ನೀರು ಹೋಗದೆ ಒಳಗೆ ಬಂತು ಎಂದು ನೋಡಬೇಕು.

ಎರಡನೆಯದು, ನೀರು ನಿಂತ ಜಾಗಕ್ಕೂ ಅದು ನುಗ್ಗಿದ ಜಾಗಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ಹೆಂಚಿನ ಮನೆಯಲ್ಲಿ ಒಡೆದ ಹೆಂಚು ಒಂದು ಕಡೆ, ಪಕಾಸಿ ಹಿಡಿದು ಬಂದ ನೀರು ತೊಟ್ಟಿಕ್ಕುವುದು ಇನ್ನೊಂದು ಕಡೆ ಅಲ್ಲವೇ? ಇಲ್ಲೂ ಹಾಗೆಯೇ. ಟಾಪಿನಲ್ಲಿ ನುಗ್ಗಿದ ನೀರು ಒಳಪದರದ ಹಿಂದೆ ಹರಿದು, ಗ್ಲಾಸಿನ ಪಕ್ಕದ ಕಂಬದೊಳಗೆ ಇಳಿದು, ಡ್ಯಾಶ್‌ಬೋರ್ಡಿನ ಮೂಲೆಯಿಂದ ಕಾಲಬುಡಕ್ಕೆ ಬರುತ್ತದೆ. ನೀವು ಮೂತಿ ಕೆಳಗಾಗಿ ನಿಲ್ಲಿಸುವುದರಿಂದ ಹಿಂದಿನ ಗ್ಲಾಸಿನಿಂದ ಬಂದ ನೀರು ಕೂಡ ಮುಂದಕ್ಕೇ ಹರಿದು ನಿಲ್ಲುತ್ತದೆ.

ನೀರು ಯಾವಾಗ ಬರುತ್ತದೆ ಎನ್ನುವುದೇ ಅರ್ಧ ಪತ್ತೆ. ಗಾಡಿ ನಿಂತಿದ್ದಾಗ, ರಾತ್ರಿ ಮಳೆಗೆ ಬಂದರೆ ಮೇಲಿನ ದಾರಿಗಳು: ಟಾಪು, ಗ್ಲಾಸು, ವೈಪರ್ ಜಾಲರಿ, ಬಾಗಿಲು. ಓಡುವಾಗ ಮಾತ್ರ, ಅದೂ ಕೆಸರು ಬಣ್ಣದ ನೀರಾದರೆ ಚಕ್ರ ಎರಚಿದ ನೀರು ತಳದಿಂದ ಅಥವಾ ಚಕ್ರದ ಕಮಾನಿನ ಬೆಸುಗೆಯ ಸಂದಿಯಿಂದ ಬರುತ್ತಿದೆ. ಬಿಸಿಲಿನಲ್ಲಿ ಎಸಿ ಹಾಕಿಕೊಂಡು ಹೋದ ದಿನವೂ ಒದ್ದೆಯಾದರೆ ಅದು ಮಳೆನೀರೇ ಅಲ್ಲ, ಎಸಿಯ ನೀರು. ಬೆರಳಿಗೆ ಜಿಡ್ಡು ಹತ್ತಿ, ಸಿಹಿಸಿಹಿ ವಾಸನೆ ಬಂದು, ಗ್ಲಾಸಿನ ಒಳಮೈಗೆ ಮಂಜು ಕವಿಯುತ್ತಿದ್ದರೆ ಹೀಟರಿನಿಂದ ಕೂಲೆಂಟ್ ಸೋರುತ್ತಿದೆ. ಆಗ ಗಾಡಿ ಓಡಿಸುವುದನ್ನು ನಿಲ್ಲಿಸಿ ಮೊದಲು ಅದನ್ನು ಸರಿಮಾಡಿಸಿ, ಕೂಲೆಂಟ್ ಖಾಲಿಯಾದರೆ ಎಂಜಿನ್ನೇ ಹೋಗುತ್ತದೆ.

ನೀವು ಬರೆದಿರುವುದನ್ನು ನೋಡಿದರೆ ನನ್ನ ಮೊದಲ ಅನುಮಾನ ವೈಪರ್ ಕೆಳಗಿನ ಜಾಲರಿಯ ಮೇಲೆ. ಮರದಡಿ ನಿಲ್ಲುವ ಗಾಡಿ, ಕ್ಲೀನರ್ ಕಡೆಯ ಕಾಲಬುಡ, ಗ್ಲಾಸಿಗೆ ಎಷ್ಟು ಮೆತ್ತಿದರೂ ನಿಲ್ಲದ ನೀರು, ಎಲ್ಲವೂ ಅತ್ತಲೇ ಬೊಟ್ಟು ಮಾಡುತ್ತವೆ. ಬಾನೆಟ್ಟಿಗೂ ಗ್ಲಾಸಿಗೂ ನಡುವಿನ ಆ ಜಾಲರಿಯ ಕೆಳಗೆ ಒಂದು ತಗಡಿನ ತೊಟ್ಟಿ ಇದೆ. ಗ್ಲಾಸಿನ ಮೇಲಿಂದ ಇಳಿದ ನೀರೆಲ್ಲ ಅದರೊಳಗೆ ಬಿದ್ದು ಎರಡೂ ತುದಿಯ ತೂತುಗಳಿಂದ ಮುಂದಿನ ಚಕ್ರದ ಹಿಂದೆ ನೆಲಕ್ಕೆ ಸುರಿಯಬೇಕು. ಕ್ಯಾಬಿನ್‌ಗೆ ಹೊರಗಿನ ಗಾಳಿ ಎಳೆದುಕೊಳ್ಳುವ ಬಾಯಿಯೂ ಅದೇ ತೊಟ್ಟಿಯಲ್ಲಿದೆ. ನಮ್ಮಲ್ಲಿ ಡ್ರೈವರ್ ಬಲಗಡೆ ಕೂರುವುದರಿಂದ ಆ ಗಾಳಿಯನ್ನು ಒಳಗೆ ದೂಡುವ ಫ್ಯಾನು, ಅಂದರೆ ಬ್ಲೋವರ್, ಸಾಮಾನ್ಯವಾಗಿ ಎಡಗಡೆ, ಅಂದರೆ ಕ್ಲೀನರ್ ಸೀಟಿನ ಮುಂದೆ ಇರುತ್ತದೆ. ತೂತು ಮುಚ್ಚಿದರೆ ತೊಟ್ಟಿ ತುಂಬುತ್ತದೆ, ಗಾಳಿಬಾಯಿಯ ಅಂಚು ಮೀರುತ್ತದೆ, ನೀರು ಬ್ಲೋವರ್ ಮೂಲಕ ನೇರ ಕಾಲಬುಡಕ್ಕೆ ಬೀಳುತ್ತದೆ.

ಜಾಲರಿ ಬಿಚ್ಚಿದರೆ ಒಳಗೆ ಏನು ಸಿಗುತ್ತದೆಂದು ಊಹಿಸಬಲ್ಲೆ: ಕೊಳೆತ ಹಲಸಿನೆಲೆ, ತೊಟ್ಟು, ಅದರೊಂದಿಗೆ ರಸ್ತೆಯ ಧೂಳು ಕಲೆತು ಕಪ್ಪು ಗೊಬ್ಬರದ ಹಾಗೆ ಗಟ್ಟಿಯಾದ ಪದರ. ವೈಪರ್ ಕೈಗಳನ್ನು ಬಿಚ್ಚುವ ಮೊದಲು ಗ್ಲಾಸಿನ ಮೇಲೆ ಅವು ನಿಲ್ಲುವ ಜಾಗಕ್ಕೆ ಟೇಪಿನಿಂದ ಗುರುತು ಹಾಕಿಕೊಳ್ಳಿ, ಇಲ್ಲವಾದರೆ ಮತ್ತೆ ಕೂರಿಸುವಾಗ ಪರದಾಡುತ್ತೀರಿ. ಕಸವನ್ನು ಕೈಯಿಂದಲೇ ತೆಗೆಯಿರಿ. ಪೈಪು ಬಿಟ್ಟು ತಳ್ಳಿದರೆ ಕಸ ತೂತಿನೊಳಗೆ ಇನ್ನಷ್ಟು ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಬಾಗುವ ಪ್ಲಾಸ್ಟಿಕ್ ಕೊಳವೆಯಿಂದ ಎರಡೂ ತೂತು ಬಿಡಿಸಿ, ಒಂದು ಚೊಂಬು ನೀರು ಸುರಿಯಿರಿ. ಎರಡೂ ಕಡೆ ನೆಲಕ್ಕೆ ಧಾರೆ ಬೀಳಬೇಕು, ತೊಟ್ಟಿಯಲ್ಲಿ ನೀರು ನಿಲ್ಲಬಾರದು. ತೊಟ್ಟಿಯ ತಳ, ಬೆಸುಗೆ ಸಂದಿಗಳನ್ನು ಟಾರ್ಚ್ ಹಾಕಿ ನೋಡಿ. ಹಸಿ ಕಸ ವರ್ಷಗಟ್ಟಲೆ ಕೂತ ಕಡೆ ತಗಡು ತುಕ್ಕು ಹಿಡಿದು ತೂತಾಗಿರಬಹುದು.

ಎಸಿಯ ಪೈಪನ್ನೂ ಅದೇ ದಿನ ನೋಡಿಬಿಡಿ. ಎಸಿ ಓಡುವಾಗ ಒಳಗಿನ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗಿ, ಒಂದು ಸಣ್ಣ ರಬ್ಬರ್ ಪೈಪಿನಿಂದ ಗಾಡಿಯ ಕೆಳಗೆ ತೊಟ್ಟಿಕ್ಕುತ್ತದೆ. ಎಸಿ ಹಾಕಿ ಹತ್ತು-ಹದಿನೈದು ನಿಮಿಷ ನಿಲ್ಲಿಸಿದರೂ ಕೆಳಗೆ ಹನಿ ಬೀಳದಿದ್ದರೆ ಪೈಪು ಕಟ್ಟಿದೆ ಎಂದೇ ಲೆಕ್ಕ. ಕೆಳಗಿನಿಂದ ಮೆತ್ತಗಿನ ತಂತಿ ಅಥವಾ ಕೊಳವೆ ಸ್ವಲ್ಪವೇ ತೂರಿಸಿ ಬಿಡಿಸಿ. ಜೋರಾಗಿ ಚುಚ್ಚಿದರೆ ಒಳಗಿನ ಕಾಯಿಲ್‌ಗೆ ಏಟು ಬೀಳುತ್ತದೆ.

ಇವೆರಡರಿಂದ ನಿಲ್ಲದಿದ್ದರೆ ಕ್ರಮವಾಗಿ ಹುಡುಕಬೇಕು. ಸೀಟು ಬಿಚ್ಚಿ, ಮ್ಯಾಟ್ ಮತ್ತು ಅದರಡಿಯ ಫೆಲ್ಟ್ ಹೊರಗೆ ಹಾಕಿ. ಕಂಬದ ಪ್ಲಾಸ್ಟಿಕ್ ಪಟ್ಟಿಗಳನ್ನು, ಡ್ಯಾಶ್‌ಬೋರ್ಡಿನ ಕೆಳಗಿನ ಪಕ್ಕದ ಮುಚ್ಚಳಗಳನ್ನು ತೆಗೆಯಿರಿ. ತಗಡು ಪೂರ್ತಿ ಒಣಗಲಿ. ಒದ್ದೆ ತಗಡಿನ ಮೇಲೆ ಹೊಸ ನೀರನ್ನು ಗುರುತಿಸಲಾಗದು. ಒಣಗಿದ ಮೇಲೆ ಅನುಮಾನವಿರುವ ಕಡೆಗೆಲ್ಲ ಟಾಲ್ಕಂ ಪೌಡರ್ ಉದುರಿಸಿ. ನೀರು ಹರಿದರೆ ಪೌಡರಿನಲ್ಲಿ ಗೆರೆ ಮೂಡುತ್ತದೆ, ಆ ಗೆರೆ ಹಿಡಿದು ಮೇಲಕ್ಕೆ ಹೋದರೆ ಮೂಲ ಸಿಗುತ್ತದೆ.

ನೀರು ಬಿಡುವಾಗ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಎಲ್ಲರೂ ಮೊದಲು ಟಾಪಿನ ಮೇಲೆ ಸುರಿಯುತ್ತಾರೆ. ಆ ನೀರು ಗ್ಲಾಸು, ಬಾಗಿಲು, ಜಾಲರಿ ಎಲ್ಲದರ ಮೇಲೂ ಹರಿದು, ಯಾವುದು ಸೋರಿತೆಂದು ತಿಳಿಯುವುದೇ ಇಲ್ಲ. ತೋಟಕ್ಕೆ ನೀರು ಬಿಡುವ ಸಾದಾ ಪೈಪು ಸಾಕು, ಒತ್ತಡ ಬೇಡ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ. ಮೊದಲು ಚಕ್ರದ ಕಮಾನು, ಆಮೇಲೆ ಬಾಗಿಲಿನ ಕೆಳಭಾಗ, ಜಾಲರಿ, ಗ್ಲಾಸಿನ ಕೆಳ ಅಂಚು, ಪಕ್ಕ, ಮೇಲಂಚು, ಕೊನೆಗೆ ಟಾಪು. ಒಂದೊಂದು ಕಡೆಗೂ ಐದು-ಹತ್ತು ನಿಮಿಷ ಕೊಡಿ. ಕೆಲವು ಸೋರಿಕೆ ಒಳಗಿನ ಪೊಳ್ಳು ತುಂಬಿದ ಮೇಲೆಯೇ ಹೊರಗೆ ಕಾಣುವುದು. ವಾಟರ್ ಸರ್ವಿಸ್‌ಗೆ ಕೊಂಡೊಯ್ದು ಗನ್ನಿನಿಂದ ಹೊಡೆಸಿ ನೋಡುವವರಿದ್ದಾರೆ. ಆ ಒತ್ತಡಕ್ಕೆ ಗಟ್ಟಿಮುಟ್ಟಾದ ರಬ್ಬರೂ ದಾರಿ ಬಿಡುತ್ತದೆ, ಇಲ್ಲದ ದೋಷ ಕಾಣಿಸುತ್ತದೆ.

ನೀರಿನಲ್ಲಿ ಸಿಗದ ಸಣ್ಣ ಸಂದಿಗೆ ಇನ್ನೊಂದು ಉಪಾಯವಿದೆ. ಗ್ಲಾಸುಗಳನ್ನೆಲ್ಲ ಏರಿಸಿ, ಹೊರಗಿನ ಗಾಳಿ ಎಳೆಯುವಂತೆ ಇಟ್ಟು ಬ್ಲೋವರನ್ನು ಪೂರ್ತಿ ಜೋರಿಗೆ ಹಾಕಿ. ಕ್ಯಾಬಿನ್ ಒಳಗೆ ಗಾಳಿ ಒತ್ತುತ್ತದೆ. ಹೊರಗಿನಿಂದ ಗ್ಲಾಸಿನ ರಬ್ಬರ್, ಬೆಸುಗೆ ಸಂದಿಗಳ ಮೇಲೆ ಬ್ರಷ್ಷಿನಿಂದ ಸೋಪಿನ ನೀರು ಹಚ್ಚಿ. ಸೋರುವ ಕಡೆ ಗುಳ್ಳೆ ಏಳುತ್ತದೆ.

ಬಾಗಿಲಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಳೆಯ ಪಿಕಪ್‌ಗಳಲ್ಲಿ ಇದರ ಪಾಲು ಜನ ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚು. ಗ್ಲಾಸು ಇಳಿಯುವ ಸಂದಿಯಿಂದ ಬಾಗಿಲೊಳಗೆ ನೀರು ಹೋಗುವುದು ಸಹಜ, ತಳದ ತೂತುಗಳಿಂದ ಅದು ಹೊರಬೀಳಬೇಕು. ಬಾಗಿಲಿನ ಒಳಪ್ಯಾಡ್ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಗ್ಲಾಸಿನಿಂದ ಸಿಡಿದ ನೀರು ಕ್ಯಾಬಿನ್ ಕಡೆಗೆ ಬಾರದಂತೆ ಅದನ್ನು ಮತ್ತೆ ಬಾಗಿಲೊಳಗೇ ಇಳಿಸುವುದು ಆ ಹಾಳೆಯ ಕೆಲಸ. ಗ್ಲಾಸ್ ಏರಿಸುವ ಮೆಷಿನ್ ರಿಪೇರಿಗೋ ಸ್ಪೀಕರ್ ಕೂರಿಸುವುದಕ್ಕೋ ಪ್ಯಾಡ್ ಬಿಚ್ಚಿದವರು ಅದನ್ನು ಹರಿದು ಎಸೆದುಬಿಡುತ್ತಾರೆ. ಅಲ್ಲಿಂದ ನೀರು ಪ್ಯಾಡಿನ ಹಿಂದೆ ಹರಿದು ಹೊಸ್ತಿಲು ದಾಟಿ ಮ್ಯಾಟಿನಡಿ ಸೇರುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ನಿಮ್ಮ ಗಾಡಿಯ ಪ್ಯಾಡಿನ ಕೆಳ ಅಂಚು ಉಬ್ಬಿ, ಹಲಗೆ ಮೆತ್ತಗಾಗಿದ್ದರೆ ಇದೇ ಕಾರಣ.

ಸರಿಮಾಡುವುದು ಸುಲಭ, ಖರ್ಚೂ ಇಲ್ಲ. ಅಡಿಕೆ ಅಂಗಳಕ್ಕೆ ಹೊದಿಸಿ ಉಳಿದ ದಪ್ಪ ಪ್ಲಾಸ್ಟಿಕ್ ಇದ್ದರೆ ಸಾಕು. ಬಾಗಿಲಿನ ಅಳತೆಗೆ ಕತ್ತರಿಸಿ, ಹಿಡಿಕೆ ಹಾಗೂ ಗ್ಲಾಸಿನ ಹ್ಯಾಂಡಲ್ ಬರುವ ಕಡೆ ಸಣ್ಣ ಸೀಳು ಕೊಟ್ಟು, ಸುತ್ತಲೂ ಬ್ಯುಟೈಲ್ ಟೇಪಿನಿಂದ (ಮೆತ್ತಗಿನ ರಬ್ಬರ್ ಅಂಟುಪಟ್ಟಿ) ಅಂಟಿಸಿ. ಮುಖ್ಯವಾದದ್ದು ಕೆಳ ಅಂಚು: ಅದನ್ನು ತಗಡಿನ ಮೇಲೆ ಅಂಟಿಸಬಾರದು, ಬಾಗಿಲಿನ ಕೆಳಗಿನ ಸಂದಿಯೊಳಗೆ ತೂರಿಸಬೇಕು. ಆಗ ಹಾಳೆಯ ಮೇಲೆ ಇಳಿದ ನೀರು ಬಾಗಿಲಿನ ಹೊಟ್ಟೆಗೇ ಬೀಳುತ್ತದೆ. ಜೊತೆಗೆ ತಳದ ತೂತುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಬಿಡಿಸಿ. ಪೇಂಟ್ ಹೊಡೆಸಿದ ಗಾಡಿಗಳಲ್ಲಿ ಪುಟ್ಟಿ, ಬಣ್ಣ ತುಂಬಿ ಅವು ಮುಚ್ಚಿರುವುದು ಸಾಮಾನ್ಯ.

ಬಾಗಿಲಿನ ಬೀಡಿಂಗ್ ಪರೀಕ್ಷೆಗೆ ಒಂದು ಕಾಗದದ ಪಟ್ಟಿ ಸಾಕು. ಅಲ್ಲಲ್ಲಿ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸಲೀಸಾಗಿ ಜಾರಿದರೆ ಅಲ್ಲಿ ರಬ್ಬರ್ ಕೂರುತ್ತಿಲ್ಲ. ಆದರೆ ಹೊಸ ಬೀಡಿಂಗ್ ಕೊಳ್ಳುವ ಮೊದಲು ಬಾಗಿಲನ್ನು ತೆರೆದು ತುದಿ ಹಿಡಿದು ಮೇಲಕ್ಕೆತ್ತಿ ನೋಡಿ. ಅಲುಗಾಡಿದರೆ ಹಿಂಜಿನ ಪಿನ್ ಸವೆದು ಬಾಗಿಲು ಜೋತಿದೆ. ಜೋತ ಬಾಗಿಲಿಗೆ ಎಷ್ಟು ಹೊಸ ರಬ್ಬರ್ ಹಾಕಿದರೂ ಮೇಲಿನ ಮೂಲೆ ಬಾಯಿ ಬಿಟ್ಟೇ ಇರುತ್ತದೆ. ಮೊದಲು ಪಿನ್, ಬುಷ್ ಬದಲಿಸಿ ಲಾಕ್ ಹೊಂದಿಸಬೇಕು.

ಇನ್ನು ಮುಂದಿನ ಗ್ಲಾಸು. ನಿಮ್ಮದು ರಬ್ಬರ್ ಬಳೆಯಲ್ಲಿ ಕೂರಿಸಿದ ಗ್ಲಾಸಾದರೆ, ವಯಸ್ಸಾದ ಹಾಗೆ ಆ ರಬ್ಬರ್ ಗಟ್ಟಿಯಾಗಿ ಕುಗ್ಗುತ್ತದೆ, ಕೆಳಗಿನ ಮೂಲೆಗಳಲ್ಲಿ ಮೊದಲು ಸಂದಿ ಬಿಡುತ್ತದೆ. ಈಗಾಗಲೇ ಮೆತ್ತಿರುವ ಸಿಲಿಕಾನ್ ಹಾನಿಯನ್ನೇ ಮಾಡಿರಬಹುದು. ಹಾಕುವಾಗ ವಿನೆಗರ್ ತರಹದ ಹುಳಿ ವಾಸನೆ ಬಂದಿತ್ತೇ ನೆನಪಿಸಿಕೊಳ್ಳಿ. ಆ ಬಗೆಯ ಸಿಲಿಕಾನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಬರಿಗಬ್ಬಿಣಕ್ಕೆ ಅದು ತುಕ್ಕು ಹಿಡಿಸುತ್ತದೆ. ಹೊರ ಅಂಚು ಮುಚ್ಚಿದ್ದರಿಂದ ರಬ್ಬರಿನಡಿ ಸೇರಿದ ನೀರು ಹೊರಬರಲಾಗದೆ ಅಲ್ಲೇ ಕೂರುತ್ತದೆ. ಮುಂದೆ ಪೇಂಟ್ ಮಾಡಿಸುವಾಗಲೂ ಸಿಲಿಕಾನ್ ತಾಗಿದ ಕಡೆ ಬಣ್ಣ ಹಿಡಿಯದೆ ಗುಳಿಗುಳಿಯಾಗುತ್ತದೆ.

ಪರೀಕ್ಷೆಯಲ್ಲಿ ಗ್ಲಾಸಿನ ಅಂಚಿನಿಂದಲೇ ನೀರು ಬಂದದ್ದು ಖಚಿತವಾದರೆ ಮಾತ್ರ ಗ್ಲಾಸ್ ತೆಗೆಸಿ. ತೆಗೆಯುವವರಿಗೆ ಒಂದು ಮಾತು ಹೇಳಿ: ಹಳೆಯ ರಬ್ಬರನ್ನು ಬ್ಲೇಡಿನಿಂದ ಕೊಯ್ದು ತೆಗೆಯಲಿ, ಗ್ಲಾಸನ್ನು ಮೀಟಿ ಎಬ್ಬಿಸುವುದು ಬೇಡ. ಹೇಗೂ ಹೊಸ ರಬ್ಬರ್ ಹಾಕುತ್ತೀರಿ, ಗ್ಲಾಸು ಉಳಿಯಬೇಕು. ಗ್ಲಾಸ್ ಹೊರಬಂದಾಗ ಅದು ಕೂರುವ ತಗಡಿನ ಅಂಚನ್ನು ನೀವೇ ನಿಂತು ನೋಡಿ. ತುಕ್ಕು ಇದ್ದರೆ ವೈರ್ ಬ್ರಷ್ಷಿನಿಂದ ಹೊಳೆಯುವ ಲೋಹ ಬರುವವರೆಗೆ ಉಜ್ಜಿಸಿ, ತುಕ್ಕು ನಿರೋಧಕ ಹಚ್ಚಿಸಿ, ಎಪಾಕ್ಸಿ ಪ್ರೈಮರ್, ಮೇಲೆ ಬಣ್ಣ ಹಾಕಿಸಿ, ಪೂರ್ತಿ ಒಣಗಿದ ಮೇಲೆ ರಬ್ಬರ್ ಕೂರಿಸಬೇಕು. ರಬ್ಬರಿನ ಕಾಲುವೆಯಲ್ಲಿ ಹಗ್ಗ ಇಟ್ಟು, ಸೋಪಿನ ನೀರು ಹಚ್ಚಿ, ಒಳಗಿನಿಂದ ಹಗ್ಗ ಎಳೆಯುತ್ತಾ ತುಟಿಯನ್ನು ಅಂಚಿನ ಮೇಲೆ ಕೂರಿಸುವುದು ಹಳೆಯ ಕ್ರಮ, ಇಂದಿಗೂ ಅದೇ ಸರಿ. ಸೀಲೆಂಟ್ ಬೇಕಾದರೆ ಗಟ್ಟಿಯಾಗದೆ ಮೆತ್ತಗೇ ಉಳಿಯುವ ವಿಂಡ್‌ಸ್ಕ್ರೀನ್ ಸೀಲೆಂಟ್ ಕೇಳಿ. ಎಂ-ಸೀಲ್ ಮಾದರಿಯ ಗಟ್ಟಿ ಪುಟ್ಟಿ ಇಲ್ಲಿ ನಿಲ್ಲದು. ಗುಂಡಿ ರಸ್ತೆಯಲ್ಲಿ ಬಾಡಿ ತಿರುಚಿದ ಹಾಗೆಲ್ಲ ಬಿರಿಯುತ್ತದೆ. ಗ್ಲಾಸು ರಬ್ಬರ್ ಬಳೆಯಿಲ್ಲದೆ ನೇರ ಅಂಟಿಸಿದ್ದಾದರೆ ಪಾಲಿಯುರೆಥೇನ್ ಅಂಟಿನಿಂದ, ಗ್ಲಾಸಿನ ಕೆಲಸ ಬಲ್ಲವರಿಂದಲೇ ಮಾಡಿಸಬೇಕು.

ಟಾಪಿನಲ್ಲಿ ಕ್ಯಾರಿಯರ್ ಬೋಲ್ಟು, ಆಂಟೆನಾ, ಮೇಲೆ ಕೂರಿಸಿದ ಲೈಟುಗಳ ತೂತು ನೋಡಿ. ಅಂಚಿನ ಕಾಲುವೆಯಲ್ಲಿ ಸೀಲರ್ ಬಿರುಕು ಬಿಟ್ಟಿದ್ದರೆ ಹಳೆಯದನ್ನು ಕೆರೆದು ತೆಗೆದು, ಬ್ರಷ್ಷಿನಿಂದ ಹಚ್ಚುವ ಪಾಲಿಯುರೆಥೇನ್ ಬಾಡಿ ಸೀಲರ್ ಹಾಕಬೇಕು. ಲೋಡಿನ ಮೇಲೆ ತಾಡಪಾಲು ಕಟ್ಟುವಾಗ ಅದರ ಮುಂದಿನ ಮಡಿಕೆಯನ್ನೂ ಗಮನಿಸಿ. ಮಡಿಕೆಯಲ್ಲಿ ನಿಂತ ನೀರು ಕ್ಯಾಬಿನ್ ಹಿಂದಿನ ಗ್ಲಾಸಿನ ಮೇಲೆ ಧಾರೆಯಾಗಿ ಸುರಿಯುತ್ತಿದ್ದರೆ ಆ ರಬ್ಬರಿಗೆ ಮಳೆಗಿಂತ ಹೆಚ್ಚಿನ ಕಷ್ಟ.

ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನಲ್ಲಿ ಕೇಬಲ್, ವೈರಿಂಗ್ ಹಾಯುವ ರಬ್ಬರ್ ಬುಷ್‌ಗಳಿವೆ. ಹಾರ್ನ್, ಫಾಗ್ ಲ್ಯಾಂಪ್, ಜಿಪಿಎಸ್ ಹಾಕಿದ ಎಲೆಕ್ಟ್ರಿಷಿಯನ್ ಬುಷ್ಷಿಗೆ ಚುಚ್ಚಿ ಹೊಸ ವೈರ್ ತೂರಿಸಿದ್ದರೆ ನೀರು ಆ ವೈರ್ ಹಿಡಿದೇ ಒಳಗೆ ಬರುತ್ತದೆ. ಬುಷ್ ಬದಲಿಸಿ, ವೈರನ್ನು ತೂತಿಗಿಂತ ಕೆಳಗೆ ಬಗ್ಗಿಸಿ ಮತ್ತೆ ಮೇಲೆತ್ತಿ ಒಳಗೆ ಕೊಡಿ. ಹನಿ ಬಾಗಿನ ತಳದಲ್ಲೇ ಉದುರುತ್ತದೆ. ನೀರು ಬರುವ ಈ ತೂತುಗಳಿಂದ ಎಂಜಿನ್ ಹೊಗೆಯೂ ಕ್ಯಾಬಿನ್‌ಗೆ ಬರಬಲ್ಲದು, ಹಾಗಾಗಿ ಇದನ್ನು ಚಿಕ್ಕ ವಿಷಯ ಎನ್ನಬೇಡಿ.

ಫ್ಯೂಸ್ ಮತ್ತು ವೈಪರಿನ ತೊಂದರೆಗೆ ತಡಮಾಡಬೇಡಿ. ಬ್ಯಾಟರಿಯ ಮೈನಸ್ ಟರ್ಮಿನಲ್ ತೆಗೆದು, ಡ್ಯಾಶ್‌ಬೋರ್ಡಿನಡಿಯ ಫ್ಯೂಸ್ ಬಾಕ್ಸ್, ಪಕ್ಕದ ಕನೆಕ್ಟರ್‌ಗಳನ್ನು ಬಿಡಿಸಿ ನೋಡಿ. ಪಿನ್ನುಗಳಲ್ಲಿ ಹಸಿರು ಅಥವಾ ಬಿಳಿ ಪುಡಿ ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಮೃದುವಾದ ಬ್ರಷ್ಷಿನಿಂದ ತೆಗೆಯಿರಿ. ಕಾಲಬುಡದ ಪಕ್ಕದ ತಗಡಿಗೆ ಬಿಗಿದ ಅರ್ಥಿಂಗ್ ಬೋಲ್ಟನ್ನು ಬಿಚ್ಚಿ, ಕೆಳಗಿನ ತುಕ್ಕು ಉಜ್ಜಿ ಮತ್ತೆ ಬಿಗಿಯಿರಿ. ಹೋದ ಫ್ಯೂಸಿಗೆ ಹೆಚ್ಚು ಆಂಪಿಯರಿನದ್ದನ್ನು ಅಥವಾ ತಾಮ್ರದ ತಂತಿಯನ್ನು ಹಾಕಿಸಬೇಡಿ. ಒದ್ದೆ ವೈರಿಂಗಿನಲ್ಲಿ ಅದು ಬೆಂಕಿಗೆ ದಾರಿ.

ಮಾರುವ ಮಾತಿಗೆ ಉತ್ತರ ನೆಲದ ತಗಡಿನಲ್ಲಿದೆ. ಮ್ಯಾಟ್ ತೆಗೆದಾಗ ಕಪ್ಪು ಡಾಂಬರು ಹಾಳೆ ಎದ್ದಿದ್ದರೆ ಅದನ್ನೂ ಕಿತ್ತು, ತಗಡನ್ನು ಸ್ಕ್ರೂಡ್ರೈವರಿನಿಂದ ಗಟ್ಟಿಯಾಗಿ ಒತ್ತಿ ನೋಡಿ. ಮೇಲಿನ ತುಕ್ಕು ಮಾತ್ರವಾದರೆ ಉಜ್ಜಿ, ಪ್ರೈಮರ್, ಬಣ್ಣ ಹಾಕಿದರೆ ಸಾಕು. ಅಲ್ಲಲ್ಲಿ ತೂತಾಗಿದ್ದರೆ ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಬಹುದು, ಊರಿನ ಟಿಂಕರಿಂಗ್ ಅಂಗಡಿಯ ಕೆಲಸವದು. ತೂತಿನ ಮೇಲೆ ತೇಪೆ ಇಟ್ಟು ಮುಚ್ಚುವುದಕ್ಕೆ ಒಪ್ಪಬೇಡಿ, ನಡುವೆ ನೀರು ನಿಂತು ತುಕ್ಕು ಮುಂದುವರಿಯುತ್ತದೆ. ವೆಲ್ಡಿಂಗಿಗೆ ಮೊದಲು ಬ್ಯಾಟರಿ ಕನೆಕ್ಷನ್ ತೆಗೆಸಿ, ಕೆಳಗೆ ಡೀಸೆಲ್ ಮತ್ತು ಬ್ರೇಕ್ ಪೈಪು ಎಲ್ಲಿ ಹಾದಿದೆ ಎಂದು ನೋಡಿಸಿ. ಆದರೆ ಕ್ಯಾಬಿನ್ ಚಾಸಿಗೆ ಕೂರುವ ಮೌಂಟ್‌ಗಳು, ಸೀಟಿನ ಮತ್ತು ಬೆಲ್ಟಿನ ಬೋಲ್ಟಿನ ಜಾಗ, ಕಂಬಗಳ ಬುಡ ಇವೆಲ್ಲ ಪುಡಿಪುಡಿಯಾಗಿದ್ದರೆ ಆ ಗಾಡಿಗೆ ದುಡ್ಡು ಹಾಕುವುದರಲ್ಲಿ ಅರ್ಥವಿಲ್ಲ. ಅಪಘಾತದಲ್ಲಿ ಕೂತವರನ್ನು ಕಾಯುವ ಭಾಗಗಳು ಅವು. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಲೇಬೇಕು ಎನ್ನುವುದು ನಿಮಗೆ ಗೊತ್ತೇ ಇದೆ. ಮುಂದಿನ ಎಫ್‌ಸಿಗೆ ಮೊದಲೇ ನೆಲ ನೋಡಿಕೊಂಡರೆ ನಿರ್ಧಾರ ನಿಮ್ಮ ಕೈಯಲ್ಲಿರುತ್ತದೆ. ನನ್ನ ಅಂದಾಜಿನಲ್ಲಿ ಎರಡೇ ಮಳೆಗಾಲದ ನೀರಿಗೆ ಗಾಡಿ ಆ ಸ್ಥಿತಿಗೆ ಹೋಗಿರಲಾರದು.

ನೆಲದಲ್ಲಿರುವ ರಬ್ಬರ್ ಬಿರಡೆಗಳನ್ನು ಕಿತ್ತು ನೀರು ಬಸಿದವರು ಅವನ್ನು ಮತ್ತೆ ಹಾಕುವುದನ್ನು ಮರೆಯುತ್ತಾರೆ. ಆಮೇಲೆ ಚಕ್ರದ ಕೆಸರು ಅಲ್ಲಿಂದಲೇ ಒಳಗೆ ಬರುತ್ತದೆ. ರಬ್ಬರುಗಳಿಗೆ ಹಳೆ ಎಂಜಿನ್ ಆಯಿಲ್, ಗ್ರೀಸ್ ಹಚ್ಚುವ ಅಭ್ಯಾಸವಿದ್ದರೆ ಬಿಡಿ, ರಬ್ಬರ್ ಊದಿ ಮೆತ್ತಗಾಗುತ್ತದೆ. ಸಿಲಿಕಾನ್ ಗ್ರೀಸ್ ತೆಳುವಾಗಿ ಸವರಿದರೆ ಸಾಕು.

ಫೆಲ್ಟ್ ಒಣಗಿತೆಂದು ಮೇಲಿನಿಂದ ಮುಟ್ಟಿ ನಂಬಬೇಡಿ, ಒಳಪದರ ವಾರಗಟ್ಟಲೆ ತೇವ ಹಿಡಿದಿರುತ್ತದೆ. ಸೋಪಿನ ನೀರಲ್ಲಿ ತೊಳೆದು ಬಿಸಿಲಿಗೆ ಹಾಕಿ. ಮಳೆಗಾಲವಾದರೆ ಬಚ್ಚಲೊಲೆಯ ಹತ್ತಿರ ಒಣಗಿಸದೆ ಬೇರೆ ದಾರಿಯಿಲ್ಲ. ಕಪ್ಪು ಬೂಸ್ಟು ಹಿಡಿದು ವಾಸನೆ ಹೋಗದಿದ್ದರೆ ಎಸೆದು ಹೊಸದು ತನ್ನಿ. ಕೆಲಸ ಮುಗಿದ ದಿನವೇ ಮ್ಯಾಟ್ ಹಾಸುವ ಅವಸರ ಬೇಡ. ಬರಿ ತಗಡಿನ ಮೇಲೆ ಹಳೆ ಪೇಪರ್ ಹಾಸಿ, ಎರಡು-ಮೂರು ಜೋರು ಮಳೆಯಲ್ಲಿ ಒಮ್ಮೆ ಮೂತಿ ಕೆಳಗಾಗಿ, ಒಮ್ಮೆ ಮೇಲಾಗಿ ನಿಲ್ಲಿಸಿ ನೋಡಿ. ಬೆಳಿಗ್ಗೆ ಪೇಪರ್ ಎಲ್ಲಿ ಒದ್ದೆಯಾಗಿದೆ ಎಂದು ಫೋಟೊ ತೆಗೆದಿಟ್ಟುಕೊಂಡು, ಇನ್ನೂ ಸೋರುತ್ತಿದ್ದರೆ ಆ ಫೋಟೊಗಳೊಂದಿಗೆ ಮತ್ತೆ ಬರೆಯಿರಿ.